ಕಿಲ್ಕೆನಿಯೋ, ವಾಟರ್‌ಫೋರ್ಡೋ?

ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ಒಂದೇ ರೈಲು ಎರಡೂ ಊರಿಗೆ ಹೋಗುತ್ತೆ. ಮೊದಲು ಕಿಲ್ಕೆನಿ, ಕೊನೆಗೆ ವಾಟರ್‌ಫೋರ್ಡ್. ಕೈಯಲ್ಲಿರೋದು ಒಂದೇ ದಿನ ಅಂದ್ರೆ ಎಲ್ಲಿ ಇಳಿಯೋದು? ಎರಡನ್ನೂ ಸುತ್ತಿದ ಮೇಲೆ ನನ್ನ ಮತ ವಾಟರ್‌ಫೋರ್ಡಿಗೆ.

ನೋಡೋಕೆ ಕಿಲ್ಕೆನಿಯೇ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಕೋಟೆಯಿಂದ ಸೇಂಟ್ ಕ್ಯಾನಿಸ್ ಕೆಥೆಡ್ರಲ್‌ವರೆಗಿನ ಹಳೇ ಬೀದಿಯಲ್ಲೇ ಅರ್ಧ ದಿನ ಕಳೆದುಹೋಗುತ್ತೆ. ಅಲ್ಲಿನ ದುಂಡು ಗೋಪುರದ ತುದಿಗೂ ಹತ್ತಬಹುದು. ಏಣಿ ಕಡಿದು, ಮಂಡಿ ನೋವಿದ್ದವರಿಗೆ ಬೇಡ. ವಾಟರ್‌ಫೋರ್ಡ್ 914ರಲ್ಲಿ ವೈಕಿಂಗರು ಕಟ್ಟಿದ್ದು, ಐರ್ಲೆಂಡಿನ ಅತಿ ಹಳೆಯ ನಗರ. ರೈಲಿಳಿದು ನದಿ ದಾಟುವಾಗ ಮಾತ್ರ ಬರೀ ಒರಟು ಬಂದರು ಅನಿಸುತ್ತೆ. ಸಿರಿಯೆಲ್ಲ ಒಳಗಿದೆ. ಮಧ್ಯಯುಗದ ಮ್ಯೂಸಿಯಮ್ಮಿನಲ್ಲಿ 15ನೇ ಶತಮಾನದ ಪಾದ್ರಿಗಳ ಜರಿ ನಿಲುವಂಗಿಗಳಿವೆ: ಇಟಲಿಯ ರೇಷ್ಮೆ, ಬೆಲ್ಜಿಯಂನ ಬ್ರೂಜ್ ಊರಿನ ಕಸೂತಿ. ಇಂಗ್ಲೆಂಡಿನಿಂದ ದಂಡೆತ್ತಿ ಬಂದ ಕ್ರಾಮ್‌ವೆಲ್ ಸೈನ್ಯಕ್ಕೆ ಹೆದರಿ 1650ರಲ್ಲಿ ಬಚ್ಚಿಟ್ಟಿದ್ದು, 1773ರಲ್ಲಿ ಹಳೇ ಕೆಥೆಡ್ರಲ್ ಕೆಡವುವಾಗ ಸಿಕ್ಕಿತು. ರೇಷ್ಮೆ ಸೀರೆ ಮಡಿಸಿ ಬೆಳೆದವರು ಅದರ ಮುಂದಿಂದ ಬೇಗ ಕದಲಲ್ಲ.

ಕರಕುಶಲದ ವಿಷಯಕ್ಕೆ ಬಂದರೆ, ಕಿಲ್ಕೆನಿ ಕೊಳ್ಳೋರಿಗೆ. ಕೋಟೆಯ ಹಳೇ ಕುದುರೆಲಾಯದಲ್ಲಿ 1963ರಲ್ಲಿ ಸರ್ಕಾರ ಶುರುಮಾಡಿದ ವಿನ್ಯಾಸ ಕೇಂದ್ರದ ಜಾಗದಲ್ಲಿ ಈಗ ಅಂಗಡಿ, ಗ್ಯಾಲರಿ ಇವೆ. ಪಿಂಗಾಣಿ, ಬೆಳ್ಳಿ, ಉಣ್ಣೆ ಎಲ್ಲ ಸೊಗಸು. ವಾಟರ್‌ಫೋರ್ಡಿನಲ್ಲಿ ಕೆಲಸವನ್ನೇ ನೋಡಬಹುದು. ಊರಿನ ಹೆಸರಾಂತ ವಾಟರ್‌ಫೋರ್ಡ್ ಕ್ರಿಸ್ಟಲ್ ಗಾಜು ಮಾಡೋ ಜಾಗದ ಪ್ರವಾಸದಲ್ಲಿ ಕೆಂಡದಂಥ ಗಾಜನ್ನು ಊದಿ ಒದ್ದೆ ಮರದ ಅಚ್ಚಿಗೆ ಇಳಿಸಿದಾಗ ಭುಸ್ಸನೆ ಹಬೆ ಏಳುತ್ತೆ. ಕೆತ್ತುವವರ ಹೂಜಿಯ ಮೇಲೆ ಮಾರ್ಕರ್‌ನಲ್ಲಿ ಎಳೆದ ಚೌಕಗಳಷ್ಟೇ. ವಿನ್ಯಾಸವೆಲ್ಲ ಅವರ ತಲೆಯಲ್ಲೇ. ಸಣ್ಣ ದೋಷ ಕಂಡರೂ ಒಡೆದು ಮತ್ತೆ ಕರಗಿಸುತ್ತಾರೆ, ಸೋವಿಯಲ್ಲಿ ಮಾರೋದಿಲ್ಲ. ಹೊರಬರುವ ದಾರಿಯಲ್ಲಿರುವ ಮಳಿಗೆಯ ಬೆಲೆ ನೋಡಿ ನಾನಂತೂ ಕೈ ಜೇಬಿಂದ ತೆಗೆಯಲಿಲ್ಲ. ಕೊಳ್ಳೋರು ಒಂದು ಮಾತು ಕೇಳಿ: ಇದು ಇಲ್ಲೇ ಮಾಡಿದ್ದಾ? ದೊಡ್ಡ ಕಾರ್ಖಾನೆ 2009ರಲ್ಲೇ ಮುಚ್ಚಿ, ಹೆಚ್ಚಿನ ಮಾಲು ಈಗ ಹೊರದೇಶದಲ್ಲಿ ತಯಾರಾಗುತ್ತೆ.

ತಿನ್ನೋ ವಿಷಯದಲ್ಲಿ ಪೈಪೋಟಿಯೇ ಇಲ್ಲ. ಕಿಲ್ಕೆನಿಯಲ್ಲಿ ಒಳ್ಳೆ ಹೋಟೆಲುಗಳಿವೆ, 1710ರಷ್ಟು ಹಳೆಯ ಸ್ಮಿತಿಕ್ಸ್ ಬಿಯರಿನ ಕಥೆಯಿದೆ. ವಾಟರ್‌ಫೋರ್ಡಿನಲ್ಲಿ ಬ್ಲಾ ಇದೆ: ಮೇಲೆಲ್ಲ ಹಿಟ್ಟು ಉದುರಿಸಿದ ಮೆತ್ತನೆಯ ಬನ್ನು, 2013ರಿಂದ ಯುರೋಪಿನ ಭೌಗೋಳಿಕ ಮಾನ್ಯತೆ ಪಡೆದದ್ದು. ಊರಿನವರು ಬೇಕನ್ ಇಟ್ಟು ತಿನ್ನುತ್ತಾರೆ. ಸಸ್ಯಾಹಾರಿಗಳು ಬೆಣ್ಣೆ ಸವರಿ, ಆಲೂಗೆಡ್ಡೆ ಚಿಪ್ಸ್ ತುಂಬಿ ಅಮುಕಿ ತಿನ್ನಿ. ಅದೂ ಅಲ್ಲಿನ ರೂಢಿಯೇ. ಹಿಟ್ಟು ಮೈಮೇಲೆ ಉದುರುತ್ತೆ, ಕಪ್ಪು ಅಂಗಿ ಹಾಕ್ಕೊಂಡು ಹೋಗ್ಬೇಡಿ. ಬ್ಲಾ ಬೆಳಗಿನ ತಿಂಡಿ, ಹೊತ್ತಾದಷ್ಟೂ ಒಣಗುತ್ತೆ, ಅದಕ್ಕೇ ಮೊದಲ ರೈಲು ಹಿಡೀರಿ.