ಡ್ರೈಯರ್ ಕೋಣೆಯ ಮಾಡಿಗೆ ಗ್ಲಾಸ್‌ವೂಲ್ ಹಾಕಿಸುವ ಮೊದಲು ಇದನ್ನು ಓದಿ

ತೀರ್ಥಹಳ್ಳಿ, ಹೊಸನಗರ ಕಡೆ ಅಡಿಕೆ ಒಣಗಿಸಲು ಕೋಣೆ ಕಟ್ಟಿಸುವ ಯೋಚನೆಯಲ್ಲಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ದುಡ್ಡಂತೂ ಹೋಯಿತು, ನಿಮ್ಮದಾದರೂ ಉಳಿಯಲಿ.

ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಬೇಯಿಸಿದ ಅಡಿಕೆಗೆ ಬೂಷ್ಟು ಬರುತ್ತದೆ. ಅದಕ್ಕೇ 6 ಮೀಟರ್ ಉದ್ದ, 4 ಮೀಟರ್ ಅಗಲದ ಕೋಣೆ ಕಟ್ಟಿಸಿ, ಇಳಿಜಾರು ಮಾಡಿಗೆ ಶೀಟು ಹೊದಿಸಿ, ಅದರಡಿ ಶಾಖ ಸೋರದಂತೆ 50 ಮಿ.ಮೀ. ದಪ್ಪದ ಗ್ಲಾಸ್‌ವೂಲ್ (ಗಾಜಿನ ಎಳೆಗಳ ಹಾಸು) ಹಾಕಿಸಿದೆವು. ಕೆಲಸ ಹಿಡಿದವರು ಲೆಕ್ಕ ಬರೆದು ಕೊಟ್ಟಿದ್ದರು: ಒಳಗೆ 55 ಡಿಗ್ರಿ, ಹೊರಗೆ 20, ಮಾಡಿನಿಂದ ಹೋಗುವ ಶಾಖ ಬರೀ 600 ವ್ಯಾಟ್. ಶೀಟೊಂದೇ ಆದರೆ ಹತ್ತಿರ ಹತ್ತಿರ 7,000. ನಂಬಿದೆವು.

ಎರಡನೇ ವಾರಕ್ಕೇ ಒಲೆಗೆ ಎಷ್ಟು ಸೌದೆ ತುರುಕಿದರೂ ಶಾಖ 45 ದಾಟಲಿಲ್ಲ. ಒಂದು ಬೆಳಗ್ಗೆ ನೋಡಿದರೆ ಅರ್ಧ ಒಣಗಿದ ಅಡಿಕೆಯ ಮೇಲೆ ನೀರು ತೊಟ್ಟಿಕ್ಕಿದ ಕಲೆ. ಏಣಿ ಹತ್ತಿ ಜಾಲರಿ ಬಿಚ್ಚಿ ಗ್ಲಾಸ್‌ವೂಲ್ ಹಿಂಡಿದೆ. ಕಂದು ನೀರು ಮೊಣಕೈವರೆಗೆ ಇಳಿಯಿತು.

ಆಮೇಲೆ ಕೂತು ಲೆಕ್ಕ ನೋಡಿದೆ. ಅವರು ಹಿಡಿದಿದ್ದು ನೆಲದ 24 ಚದರ ಮೀಟರ್. 30 ಡಿಗ್ರಿ ಇಳಿಜಾರಿನಲ್ಲಿ ಮಾಡು 27.7 ಆಗುತ್ತದೆ, ಅಲ್ಲಿಗೇ 700 ವ್ಯಾಟ್. ಇದು ಸಣ್ಣ ತಪ್ಪು. ಕಬ್ಬಿಣದ ಪಟ್ಟಿಗಳ ಮೇಲೆ ಗ್ಲಾಸ್‌ವೂಲ್ ಹಾಸಿ ಶೀಟನ್ನು ಸ್ಕ್ರೂ ಬಿಗಿದಲ್ಲೆಲ್ಲ 50 ಮಿ.ಮೀ. ಹೋಗಿ 10 ಆಗಿತ್ತು. ಅಷ್ಟು ಜಾಗದಲ್ಲಿ ಶಾಖ ಮೂರೂವರೆ ಪಟ್ಟು ಸೋರುತ್ತದೆ. ಇದೂ ಚೀಟಿಯಲ್ಲಿರಲಿಲ್ಲ.

ನಿಜವಾಗಿ ನಮ್ಮನ್ನು ಮುಳುಗಿಸಿದ್ದು ನೀರು. ಒಂದು ವಸ್ತುವಿನ ಮೂಲಕ ಶಾಖ ಎಷ್ಟು ಸುಲಭವಾಗಿ ಹಾಯುತ್ತದೆ ಎನ್ನಲು ಲೆಕ್ಕದಲ್ಲಿ ಒಂದು ಅಂಕಿ ಹಿಡಿಯುತ್ತಾರೆ; ಅವರು ಹಿಡಿದ 0.04 ಒಣಗಿದ ಗ್ಲಾಸ್‌ವೂಲಿನದು. ಎಳೆಗಳ ನಡುವೆ ನಿಂತ ಗಾಳಿಯೇ ಶಾಖ ತಡೆಯುವುದು. ನೀರಿನ ಅಂಕಿ 0.6, ಅಂದರೆ 15 ಪಟ್ಟು. ಹಸಿ ಅಡಿಕೆಯಿಂದ ಎದ್ದ ಹಬೆ ಗ್ಲಾಸ್‌ವೂಲಿನೊಳಗೆ ನುಗ್ಗಿ, ತಣ್ಣಗಿನ ಶೀಟಿಗೆ ತಾಗಿ ನೀರಾಗುತ್ತಿತ್ತು. ಹಬೆ ತಡೆಯುವ ಫಾಯಿಲ್ ಬಿಸಿ ಇರುವ ಒಳಬದಿಗೆ ಬರಬೇಕಿತ್ತು, ಜೋಡಣೆಗಳಿಗೆಲ್ಲ ಟೇಪ್ ಬೀಳಬೇಕಿತ್ತು. ನಮ್ಮಲ್ಲಿ ಫಾಯಿಲೇ ಇರಲಿಲ್ಲ, ಹಬೆ ಹೊರಗೆ ಹೋಗಲು ಕಿಂಡಿಯೂ ಸಾಲದು.

ಒಣಗಿಸಿ ಮತ್ತೆ ಹಾಕೋಣವೆಂದರೆ ಗ್ಲಾಸ್‌ವೂಲ್ ಮುದ್ದೆಗಟ್ಟಿ ದಪ್ಪ ಅರ್ಧಕ್ಕೆ ಇಳಿದಿತ್ತು. ಎಲ್ಲ ತೆಗೆದು ಬಿಸಾಡಬೇಕಾಯಿತು.

ಮುಂಗಡ ಕೊಡುವ ಮೊದಲು ಇಳಿಜಾರಿನ ಅಳತೆ ಹಿಡಿದಿದ್ದಾರಾ, ಪಟ್ಟಿಗಳ ಜಾಗ ಬೇರೆ ಲೆಕ್ಕ ಹಾಕಿದ್ದಾರಾ, ಫಾಯಿಲ್ ಯಾವ ಬದಿಗೆ ಬರುತ್ತದೆ ಎಂದು ಬರೆಸಿಕೊಳ್ಳಿ. ಗೊತ್ತಾಗದಿದ್ದರೆ ಅಳತೆ ಕಳಿಸಿ, ನಾನೇ ಲೆಕ್ಕ ಹಾಕಿ ಹೇಳುತ್ತೇನೆ.