ಕುರ್ಡಿ ನಡಿಗೆ ಪ್ಯಾಕೇಜ್: ಗೈಡಿಗೆ ನಾಲ್ಕು ಸ್ಟಾರ್, ಟೈಮಿಗೆ ಎರಡೇ

ಮೇ ತಿಂಗಳು ಹತ್ತಿರವಾದಂತೆ ಗೋವಾದ ವಾಸ್ಕೊ, ಮಡಗಾಂವ್ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ಕುರ್ಡಿಗೆ ಪ್ಯಾಕೇಜಿನಲ್ಲಿ ಹೋಗೋದೋ, ನಾವೇ ಗಾಡಿ ತಗೊಂಡು ಹೋಗೋದೋ? ಈ ವಿಮರ್ಶೆ ಮಡಗಾಂವ್‌ನಿಂದ ಮಿನಿ ಬಸ್ಸಿನಲ್ಲಿ ಕರಕೊಂಡು ಹೋಗಿ ಮಧ್ಯಾಹ್ನದ ಮೀನೂಟ ಹಾಕಿಸಿ ವಾಪಸ್ ಬಿಡುವ ಒಂದು ದಿನದ ನಡಿಗೆಯದು. ತಲಾ 1,500 ರೂಪಾಯಿ.

ಕುರ್ಡಿ ಸಾಂಗೆ ತಾಲೂಕಿನ ಊರು. ಸಾಳಾವಲಿ ಅಣೆಕಟ್ಟಿಗಾಗಿ ಖಾಲಿಯಾಗಿ, 1986ರ ಹೊತ್ತಿಗೆ ಪೂರ್ತಿ ಮುಳುಗಿತು. ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ತಾವೇ ಬಂದು ಊರವರಿಗೆ ವಿಷಯ ತಿಳಿಸಿದ್ದರು. ಆರುನೂರಕ್ಕೂ ಹೆಚ್ಚು ಕುಟುಂಬಗಳು ಎದ್ದುಹೋದವು. ಬೇಸಿಗೆಯಲ್ಲಿ ಜಲಾಶಯ ಇಳಿದಾಗ, ಅಂದರೆ ಹೆಚ್ಚುಕಡಿಮೆ ಮೇ ತಿಂಗಳಷ್ಟೇ, ಊರು ಮೇಲೆ ಬರುತ್ತದೆ. ಏಪ್ರಿಲ್ ತಾರೀಖಿಗೆ ಬುಕ್ ಮಾಡಿದವರಿಗೆ ಅರ್ಧ ಊರು, ಅರ್ಧ ನೀರು. ಇನ್ನೊಂದು ಗೊಂದಲ: ಫೋಟೊಗಳಲ್ಲಿ ಕಾಣುವ, ನೀರು ಬಾವಿಯೊಳಗೆ ಧುಮುಕಿದಂತೆ ಇಳಿಯುವ ಅಣೆಕಟ್ಟಿನ ಕೋಡಿ ಮಳೆಗಾಲದ್ದು. ಊರು ಕಂಡಾಗ ಕೋಡಿ ಬಿದ್ದಿರುವುದಿಲ್ಲ, ಕೋಡಿ ಬಿದ್ದಾಗ ಊರು ಕಾಣುವುದಿಲ್ಲ. ಜಾಹೀರಾತಿನಲ್ಲಿ ಎರಡನ್ನೂ ಪಕ್ಕಪಕ್ಕ ಹಾಕಿರುವುದು ಸರಿಯಲ್ಲ.

ಕೊಟ್ಟ ದುಡ್ಡಿಗೆ ನಿಜವಾಗಿ ಸಿಗುವುದು ಗೈಡ್. ಅವರು ಎದ್ದುಹೋದ ಕುಟುಂಬವೊಂದರವರು. ಯಾವ ಪಾಯ ಯಾರ ಮನೆಯದು ಅನ್ನುವುದಕ್ಕಿಂತ, ಎಲ್ಲಿ ಕಾಲಿಡಬಾರದು ಅನ್ನುವುದು ಅವರಿಗೆ ಗೊತ್ತು. ಜಲಾಶಯದ ತಳ ನೆಲದಂತೆ ಕಾಣುತ್ತದೆ, ಆದರೆ ನೆಲವಲ್ಲ. ಹೂಳು ಮೇಲಿನಿಂದ ಒಣಗುತ್ತಾ ಬರುತ್ತದೆ. ಹಪ್ಪಳದಂಥ ಪದರದ ಕೆಳಗೆ ಇನ್ನೂ ಹಸಿ ಮಣ್ಣು. ಬಿರುಕು ಅಗಲವಾಗಿ, ಹೆಂಟೆಯ ಅಂಚು ಮೇಲಕ್ಕೆ ಸುರುಳಿ ಎದ್ದಿದ್ದರೆ ನಡೆಯಬಹುದು. ಎಳೆ ಹುಲ್ಲು ಹಬ್ಬಿದ ಜಾಗ, ದನದ ಹೆಜ್ಜೆಯ ಹಾದಿ ಇನ್ನೂ ಒಳ್ಳೆಯದು. ಕಪ್ಪಗೆ, ನುಣ್ಣಗೆ ಹೊಳೆಯುತ್ತಾ ಒಂದೂ ಬಿರುಕಿಲ್ಲದಿದ್ದರೆ ಅತ್ತ ಹೋಗಬೇಡಿ. ಹಿಮ್ಮಡಿ ಊರಿ ಎತ್ತಿ ನೋಡಿ: ಗುರುತಿನಲ್ಲಿ ನೀರು ಜಿನುಗಿದರೆ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ. ಸ್ವಂತ ಕಾರಿನವರು ಸಿಕ್ಕಿಬೀಳುವುದೂ ಹೀಗೆಯೇ. ಚಕ್ರ ಮೇಲಿನ ಪದರ ಒಡೆಯುತ್ತದೆ, ಎಕ್ಸಲರೇಟರ್ ಒತ್ತಿದಷ್ಟೂ ಕೆಳಗಿಳಿಯುತ್ತದೆ. ಗಟ್ಟಿ ರಸ್ತೆ ಮುಗಿದಲ್ಲೇ ಗಾಡಿ ಬಿಡಿ.

ಹಳೇ ಬಾವಿಗಳ ಬಗ್ಗೆ ಮಾತ್ರ ಗೈಡ್ ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು. ಕಟ್ಟೆ ಕುಸಿದ ಬಾವಿ ನೆಲಮಟ್ಟದ ಗುಂಡಿಯಷ್ಟೇ. ಫೋನ್ ನೋಡುತ್ತಾ ಹಿಂದೆ ಹೆಜ್ಜೆ ಇಡುವವರು, ಓಡುವ ಮಕ್ಕಳು ಇರುವ ಗುಂಪಿಗೆ ಇದು ಮೊದಲ ಮಾತಾಗಬೇಕು. ಚಿರೆಕಲ್ಲಿನ ಗೋಡೆ ಹತ್ತಬೇಡಿ. ವರ್ಷವರ್ಷವೂ ನೆನೆದು ಒಣಗಿ ಸಂದಿನ ಮಣ್ಣೆಲ್ಲ ತೊಳೆದುಹೋಗಿದೆ, ಕಲ್ಲಿನ ಮೇಲೆ ಕಲ್ಲು ಸುಮ್ಮನೆ ಕೂತಿದೆ. ಹತ್ತದೆ ಬಗ್ಗಿ ನೋಡಿದರೇ ಹೆಚ್ಚು ಕಾಣುತ್ತದೆ: ಮೆಟ್ಟಿಲ ಸಾಲು, ಹೆಂಚಿನ ಚೂರು, ಬುಡದ ಮಣ್ಣು ಕೊಚ್ಚಿಹೋಗಿ ಬೇರಿನ ಕುಚ್ಚಿನ ಮೇಲೆ ನಿಂತ ತೆಂಗಿನ ಬೊಡ್ಡೆ.

ಸೋಮೇಶ್ವರ ಗುಡಿ ಇನ್ನೂ ನಿಂತಿದೆ. ಹಳೆಯ ಊರವರು ಮೇ ತಿಂಗಳಲ್ಲಿ ಇಲ್ಲಿ ಜಾತ್ರೆಗೆ ಸೇರುತ್ತಾರೆ, ಕ್ರೈಸ್ತರು ತಮ್ಮ ಚಾಪೆಲ್‌ನ ಫೆಸ್ತಿಗೆ, ಅಂದರೆ ಹಬ್ಬಕ್ಕೆ. ಪ್ಯಾಕೇಜಿನವರು ಇದನ್ನು ‘ಭೂತದ ಊರು’ ಅಂತ ಮಾರುವುದು ಕಿವಿಗೆ ಕೆಡುಕು. ಹಿಂದೂಸ್ತಾನಿ ಗಾಯಕಿ ಮೋಗೂಬಾಯಿ ಕುರ್ಡೀಕರ್, ಅಂದರೆ ಗಾಯಕಿ ಕಿಶೋರಿ ಅಮೋಣಕರ್ ಅವರ ತಾಯಿ, 1904ರಲ್ಲಿ ಹುಟ್ಟಿದ ಊರಿದು. ಹೇಳಲು ಇಷ್ಟಿರುವಾಗ ಭೂತ ಯಾಕೆ ಬೇಕು?

ದೊಡ್ಡ ದೋಷ ಟೈಮ್. ಬಸ್ಸು ಎಂಟಕ್ಕೆ ಹೊರಟು, ನಾಷ್ಟಾಕ್ಕೆ ನಿಂತು, ನಡಿಗೆ ಶುರುವಾಗುವಾಗ ಹತ್ತು ದಾಟಿರುತ್ತದೆ. ಅಲ್ಲಿ ನೆರಳು ಅನ್ನುವುದೇ ಇಲ್ಲ. ಬಿಸಿಲಷ್ಟೇ ಅಲ್ಲ, ಮೇ ತಿಂಗಳ ಮಧ್ಯಾಹ್ನ ಗುಡುಗು ಎದ್ದರೆ ಆ ಬಟ್ಟಬಯಲಲ್ಲಿ ಎಲ್ಲಕ್ಕಿಂತ ಎತ್ತರ ನೀವೇ. ಏಳಕ್ಕೆ ನಡೆಯಲು ಶುರುಮಾಡಿ ಹನ್ನೊಂದಕ್ಕೆ ಹೊರಬರಬೇಕು. ಬುಕ್ ಮಾಡುವಾಗ ‘ಬಸ್ಸು ಎಷ್ಟಕ್ಕೆ’ ಅನ್ನಬೇಡಿ, ‘ನಡಿಗೆ ಎಷ್ಟಕ್ಕೆ’ ಅಂತ ಕೇಳಿ.

ತಲಾ ಒಂದು ಲೀಟರ್ ನೀರು ಕೊಡುತ್ತಾರೆ, ಸಾಲದು. ಮೂರು ಲೀಟರ್ ಬೇಕು. ಪಾದ ಬಿಗಿಯಾಗಿ ಹಿಡಿಯುವ ಲೇಸಿನ ಶೂ ಹಾಕಿ. ಚಪ್ಪಲಿ ಹಸಿ ಹೂಳಿನಲ್ಲೇ ಉಳಿದುಬಿಡುತ್ತದೆ, ಗಮ್‌ಬೂಟಿನೊಳಗೆ ಕಾಲು ಬೆಂದುಹೋಗುತ್ತದೆ. ಶೌಚಾಲಯ ಇಲ್ಲ, ಅಂಗಡಿ ಇಲ್ಲ, ಸಿಗ್ನಲ್ ನಂಬಬೇಡಿ. ಉಳಿದ ನೀರಿಗೆ ಇಳಿಯಲೇಬೇಡಿ, ದಂಡೆಯ ಹೂಳು ಕಾಲು ಬಿಡುವುದಿಲ್ಲ.

ಕನ್ನಡಿಗರಿಗೆ ಇನ್ನೊಂದು ಬೇಜಾರು. ಮುಳುಗುವ ಮುಂಚೆ ಕಲ್ಲು ಕಲ್ಲು ಬಿಚ್ಚಿ ಅಣೆಕಟ್ಟಿನ ಹತ್ತಿರ ಮತ್ತೆ ಕಟ್ಟಿದ ಕುರ್ಡಿಯ ಮಹಾದೇವ ದೇವಸ್ಥಾನಕ್ಕೆ ಈ ಬಸ್ಸು ಹೋಗುವುದಿಲ್ಲ. ಅದು ಕದಂಬರ ಕಾಲದ್ದು. ಗೋವಾ ಕದಂಬರು ಕನ್ನಡದಲ್ಲೂ ಶಾಸನ ಬರೆಸಿದವರು. ಇಲ್ಲಿನ ಸರ್ಕಾರಿ ಬಸ್ಸಿನ ಮೇಲೂ ಅದೇ ಹೆಸರು. ಕೇಳಿದರೆ ‘ಊಟಕ್ಕೆ ತಡವಾಗುತ್ತೆ’ ಅಂತಾರೆ. ಮೀನೂಟವೋ ಸಾಧಾರಣ.

ಅಕಾಲ ಮಳೆ ಬಂದು ನಡಿಗೆ ರದ್ದಾದರೆ ಹಣ ವಾಪಸ್ ಇಲ್ಲ, ಬೇರೆ ತಾರೀಖು ಕೊಡುತ್ತಾರೆ. ಮೇ ಕೊನೆಯ ವಾರಕ್ಕೆ ಬುಕ್ ಮಾಡಿದ್ದರೆ ಆ ಬೇರೆ ತಾರೀಖು ಮುಂದಿನ ವರ್ಷದ್ದು.