ಫಾಲ್ಗುಣದ ರಂಗನತಿಟ್ಟು: ಫೋಟೋ ತೆಗೆಯುವವರ ದೋಣಿ

ಮಾರ್ಚ್ ಮೊದಲ ವಾರ ಮಗಳನ್ನು ಕರೆದುಕೊಂಡು ರಂಗನತಿಟ್ಟಿಗೆ ಹೋಗಿದ್ದೆ. ಮೈಸೂರಿನವಳಾದ ನನಗೆ ಅದು ಹೊಸ ಜಾಗವೇನಲ್ಲ. ಆದರೆ ಫೋಟೋ ತೆಗೆಯುವವರಿಗೆಂದೇ ಇರುವ ದೋಣಿ ಹತ್ತಿದ್ದು ಇದೇ ಮೊದಲು. ಎಲ್ಲರೂ ಕೂರುವ ದೋಣಿಗಿಂತ ಇದಕ್ಕೆ ದುಡ್ಡು ಹೆಚ್ಚು, ಆದರೂ ಉಗಾದಿಯೊಳಗೆ ಇನ್ನೊಮ್ಮೆ ಹೋಗುವುದೆಂದು ಆಗಲೇ ಗೊತ್ತುಮಾಡಿಕೊಂಡಿದ್ದೇನೆ.

ಕಳೆದ ಸಲ ಎಲ್ಲರ ಜೊತೆ ಹೋಗಿದ್ದಾಗ, ಹೆಜ್ಜಾರ್ಲೆ ಹಾರಲಿ ಅಂತ ಪಕ್ಕದವರೊಬ್ಬರು ಚಪ್ಪಾಳೆ ತಟ್ಟಿದ್ದರು. ಹಕ್ಕಿ ನೋಡಿ ಬರುವುದಕ್ಕೆ ಆ ದೋಣಿ ಸಾಕು. ಫೋಟೋ ಬೇಕೆಂದರೆ ಆಗುವುದಿಲ್ಲ.

ಈ ದೋಣಿಯಲ್ಲಿ ಕೂತರೆ ಕಣ್ಣು ನೀರಿಗೆ ಹತ್ತಿರ. ದಡದಲ್ಲಿ ನಿಂತು ತೆಗೆದ ಚಿತ್ರದಲ್ಲಿ ಹಕ್ಕಿಯ ಬೆನ್ನು ಕಾಣುತ್ತದೆ, ಇಲ್ಲಿ ಅದರ ಕಣ್ಣಿಗೆ ಕಣ್ಣು ಸೇರುತ್ತದೆ. ಚಮಚದಕೊಕ್ಕು ನೀರಿನಲ್ಲಿ ಕೊಕ್ಕನ್ನು ಅತ್ತಿತ್ತ ಆಡಿಸುತ್ತಾ ಬರುತ್ತಿದ್ದಾಗ ದೋಣಿಯಣ್ಣ ಹುಟ್ಟು ಎತ್ತಿಟ್ಟು, ದೋಣಿಯನ್ನು ಸುಮ್ಮನೆ ತೇಲಲು ಬಿಟ್ಟರು. "ಈಗ ತೆಗೀರಿ ಮೇಡಂ, ಬಿಸಿಲು ನಿಮ್ಮ ಬೆನ್ನಿಗದೆ" ಅಂದರು. ಎಲ್ಲಿ ನಿಲ್ಲಿಸಿದರೆ ಬೆಳಕು ಸರಿಯಾಗಿ ಬೀಳುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಬಾಡಿಗೆಗೆ ತಂದಿದ್ದ 150-600 ಎಂಎಂ ಜೂಮ್ ಲೆನ್ಸನ್ನು ಪೂರ್ತಿ ಚಾಚಿದರೆ ಹಕ್ಕಿ ಫ್ರೇಮಿನೊಳಗೆ ಹಿಡಿಸಲೇ ಇಲ್ಲ, 300ಕ್ಕೆ ಇಳಿಸಬೇಕಾಯಿತು. ನಿಮ್ಮ ಹತ್ತಿರ 100-400 ಇದ್ದರೆ ಧಾರಾಳ. ಟ್ರೈಪಾಡ್ ಮನೆಯಲ್ಲೇ ಇರಲಿ, ದೋಣಿ ಅಲುಗಾಡುತ್ತಲೇ ಇರುತ್ತದೆ. ಶಟರ್ ವೇಗ 1/2000 ಸೆಕೆಂಡಿಗೆ ಇಟ್ಟು, ಬಿಳಿ ಹಕ್ಕಿಗಳಿಗೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿಕೊಳ್ಳಿ. ಇಲ್ಲದಿದ್ದರೆ ಬೆಳ್ಳಕ್ಕಿಯ ಗರಿ ಸುಣ್ಣ ಬಳಿದ ಹಾಗೆ ಬರುತ್ತದೆ.

ಸೀಸನ್ನಿನ ಮಾತು ಹೇಳಲೇಬೇಕು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ಇಲ್ಲಿನ ನಡುಗಡ್ಡೆಗಳಿಗೇ ನೀರು ನುಗ್ಗುತ್ತದೆ, ದೋಣಿ ನಿಲ್ಲಿಸುತ್ತಾರೆ. ಈಗ ಹೊಳೆ ಇಳಿದು ಬಂಡೆಗಳೆಲ್ಲ ಮೇಲೆ ಎದ್ದಿವೆ. ಅವುಗಳ ಅಡಿಯಲ್ಲಿ ಕವಲುತೋಕೆಗಳು ಕಟ್ಟಿದ ಮಣ್ಣಿನ ಗೂಡುಗಳು ಒಂದಕ್ಕೊಂದು ಅಂಟಿಕೊಂಡಿವೆ. ಮೇಲೆ, ಬರಿ ಕಲ್ಲಿನ ಮೇಲೆ, ನದಿ ರೀವ (ರಿವರ್ ಟರ್ನ್) ಹಕ್ಕಿ. ಕರಿ ಟೋಪಿ, ಅರಿಸಿನ ಬಣ್ಣದ ಕೊಕ್ಕು. ಗಂಡು ಒಂದು ಮೀನು ಹಿಡಿದು ತಂದು ಹೆಣ್ಣಿನ ಬಾಯಿಗೆ ಕೊಟ್ಟದ್ದನ್ನು ಮಗಳು ಬೈನಾಕ್ಯುಲರ್‌ನಲ್ಲಿ ನೋಡಿ ನನ್ನ ತೋಳು ಹಿಡಿದು ಎಳೆದಳು. ನಾನು ಕ್ಯಾಮೆರಾ ತಿರುಗಿಸುವಷ್ಟರಲ್ಲಿ ಅದು ನುಂಗಿ ಆಗಿತ್ತು.

ಇನ್ನೊಂದು ಬಂಡೆಯ ಮೇಲೆ ಒಂದು ರೀವ ಕಾವಿಗೆ ಕೂತಿತ್ತು. "ಸ್ವಲ್ಪ ಹತ್ತಿರ ಹೋಗೋಣವಾ ಅಣ್ಣ?" ಅಂದೆ.

"ಬೇಡ ಮೇಡಂ. ಎದ್ದು ಹೋದ್ರೆ ಮೊಟ್ಟೆ ಬಿಸಿಲಿಗೆ ಬೇಯ್ತದೆ. ಕಾಗೆ ಬೇರೆ ಕಾಯ್ತಾ ಕೂತದೆ."

ಹೆಚ್ಚು ಕೊಡುತ್ತೇನೆ ಅಂದಿದ್ದರೂ ಅವರು ಹೋಗುತ್ತಿರಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ಈ ಸೇವೆಗೆ ನಾನು ಪೂರ್ತಿ ಅಂಕ ಕೊಡುವುದು ಈ ಒಂದು ಮಾತಿಗೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಪಕ್ಷಿಧಾಮವಾದ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಜಾಗ ಇದು. ಅದನ್ನು ದಿನದಿನ ಕಾಯುತ್ತಿರುವವರು ಹುಟ್ಟು ಹಿಡಿದ ಇಂಥವರೇ.

ಹೋಗುವವರು ವಾರದ ದಿನ, ಬೆಳಗಿನ ಮೊದಲ ದೋಣಿಗೇ ಹೋಗಿ. ಹತ್ತು ಗಂಟೆಯ ಮೇಲೆ ಬಿಸಿಲು ನೆತ್ತಿಗೆ ಬಂದು ನೆರಳು ಕಪ್ಪಾಗಿಬಿಡುತ್ತದೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳಿರುತ್ತವೆ, ಮಕ್ಕಳ ಕೈ ದೋಣಿಯೊಳಗೇ ಇರಲಿ.

ಕಾವಿಗೆ ಕೂತಿದ್ದ ರೀವದ ಚಿತ್ರ ತೆಗೆದದ್ದು ದೂರದಿಂದಲೇ. ದೊಡ್ಡ ಬೂದು ಬಂಡೆ, ಅದರ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಹಕ್ಕಿ. ಅದನ್ನೇ ಪ್ರಿಂಟ್ ಹಾಕಿಸಿ ಮಗಳ ಓದುವ ಮೇಜಿನ ಮೇಲೆ ಅಂಟಿಸಿದ್ದೇನೆ.